ಟೈಟೇನಿಯಂ ತನ್ನ ಚಿಪ್ಪಿನಲ್ಲೇ ಕರಗುವುದೇಕೆ

ಕಲ್ಲಿನೊಳಗೂ ಉಸಿರಿಟ್ಟ ಸ್ವಾಮಿಗೆ ಮೊದಲ ನಮಸ್ಕಾರ. ಕೈ ಮುಗಿದಿರಾ ಮಕ್ಕಳೇ? ಸರಿ, ಕೇಳಿ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಡಲಿಗೆ ಹೊಳೆ ಸೇರುವಲ್ಲಿ ಕಾಳಾಚಾರಿ ಎಂಬ ಕಮ್ಮಾರನೂ ಅವನ ಹೆಂಡತಿ ಮಾಚವ್ವನೂ ಇದ್ದರು. ಮಾಚವ್ವ ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ, ಲೋಹ ಕರಗಿಸುವ ಮೂಸೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಕೊಕ್ಕರೆಯೊಂದು ಕುಂಟುತ್ತಾ ಬಂತು. "ಆಚಾರೀ, ಕಾಲು ಮುರಿಯಿತು. ನೀರಿಗಿಳಿಯಲಾರೆ. ಗೂಡಲ್ಲಿ ಮರಿಗಳು ಬಾಯಿ ತೆರೆದು ಕೂತಿವೆ."

ಹೊಸ ಕಾಲು ಮಾಡೋಣವೆಂದರೆ ಕಬ್ಬಿಣದ ಕಾಲಿಗೆ ತುಕ್ಕು. ಚಿನ್ನದ ಕಾಲು ಭಾರ. ಆಗ ದಂಡೆಯ ಕರಿಮರಳಿನಿಂದ ಟೈಟೇನಿಯಂ ಎದ್ದು, "ನಾನು ಹಗುರ, ತುಕ್ಕು ಹಿಡಿಯೋನಲ್ಲ. ನನ್ನನ್ನು ಕರಗಿಸು ಮಾವ" ಎಂದಿತು.

ಕರಗಿಸಿದರು, ಎರಕ ಹೊಯ್ದರು. ಕೊಕ್ಕರೆ ಹೆಜ್ಜೆಯಿಟ್ಟಿತು. ಕಾಲು ಹಪ್ಪಳದಂತೆ ಮುರಿಯಿತು! ಮೂಸೆಯ ಒಳಮೈಯೂ ಗೆದ್ದಲು ತಿಂದಂತಾಗಿತ್ತು.

"ನಿನ್ನ ಮೂಸೆ ತೆಳ್ಳಗಾಯ್ತು ಕಣೇ."

"ನಿನ್ನ ತಿದಿಯ ಗಾಳಿ ಜೋರಾಯ್ತು ಅನ್ನು. ನನ್ನ ಮೂಸೆಯಲ್ಲಿ ತಪ್ಪು ಹುಡುಕಬೇಡ."

"ಸ್ವಲ್ಪ ಆಚೆ ಹೋಗಪ್ಪ" ಎಂದು ಗಾಳಿಯನ್ನು ಹೊರಗೆ ಕಳಿಸಿದರು. ಮಾಚವ್ವ ದಪ್ಪ ಮೂಸೆ ಮಾಡಿದಳು. ಗಾಳಿಯಿಲ್ಲದೆ ಒಲೆ ಉರಿಯದೆಂದು ಮಿಂಚನ್ನು ಕರೆದರು. ಮಿಂಚು ಮೇಲಿನಿಂದ ಕಾಯಿಸಿತು. ಕಾಲು ಮತ್ತೆ ಮುರಿಯಿತು.

"ಏನೋ ಕಳ್ಳ, ನನ್ನ ಮೂಸೆಯನ್ನೇಕೆ ತಿಂದೆ?" ಎಂದಳು ಮಾಚವ್ವ.

ಟೈಟೇನಿಯಂ ಅತ್ತಿತು. "ಬೇಕೂಂತ ಅಲ್ಲ ಅತ್ತೆ. ಬಿಸಿಯಾದರೆ ನನಗೆ ಉಸಿರಿನ ಹಸಿವು. ಗಾಳಿ ಇಲ್ಲದಿದ್ದರೆ ಮಣ್ಣಿನೊಳಗಿನ ಉಸಿರನ್ನೇ ಎಳೆದುಕೊಳ್ತೀನಿ. ಎಳೆದುಕೊಂಡರೆ ಮೈ ಗಡುಸಾಗಿ ಒಡೆಯುತ್ತೆ."

ಮಾಚವ್ವನಿಗೆ ಮಣ್ಣು ಬಿಟ್ಟರೆ ಬೇರೆ ಗೊತ್ತಿಲ್ಲ. ಅತ್ತ ಮರಿಗಳ ದನಿ ಸಣ್ಣಗಾಗುತ್ತಿತ್ತು. ಅವಳು ಕಣ್ಣು ಮುಚ್ಚಿ, "ಸ್ವಾಮೀ, ನನ್ನ ವಿದ್ಯೆ ಮುಗಿಯಿತು. ನೀನೇ ದಾರಿ ತೋರು" ಎಂದಳು.

ಆಗ ಹೊಳೆ ಮಾತಾಡಿತು. "ಮಾಚವ್ವಾ, ತಾಮ್ರದ ಪಾತ್ರೆ ಇಡು. ಅದರ ಹೊರಮೈ ಸುತ್ತ ನಾನು ತಣ್ಣಗೆ ಹರಿಯುತ್ತೇನೆ."

"ಕರಗಿಸೋ ಪಾತ್ರೆಗೆ ತಣ್ಣೀರಾ? ಜನ ನಗ್ತಾರೆ!" ಎಂದ ಆಚಾರಿ.

"ಜನ ಇನ್ನೂ ಹುಟ್ಟಬೇಕು. ಸುಮ್ಮನಿರು" ಎಂದಳು ಮಾಚವ್ವ.

ಗಾಳಿ ಹೊರಗೇ ನಿಂತಿತು. ಮಿಂಚು ಮೇಲಿನಿಂದ ಕಾಯಿಸಿತು. ಹೊಳೆ ಸುತ್ತಲೂ ಹರಿಯಿತು. ತಣ್ಣನೆ ತಾಮ್ರಕ್ಕೆ ತಾಗಿದ ಟೈಟೇನಿಯಂ ಅಲ್ಲೇ ಹೆಪ್ಪುಗಟ್ಟಿ ಚಿಪ್ಪಾಯಿತು, ನಡುವೆ ಮಾತ್ರ ಕರಗಿತು. ತನ್ನದೇ ಚಿಪ್ಪಿನಿಂದ ಕದಿಯುವುದೇನಿದೆ? ಮೂಸೆಯೂ ತಾನೇ, ಎರಕವೂ ತಾನೇ.

ನಡುವೆ ಕರಗಿದ್ದನ್ನು ಎರಕ ಹೊಯ್ದರು, ಚಿಪ್ಪು ಪಾತ್ರೆಯಲ್ಲೇ ಉಳಿಯಿತು. ಈ ಸಲ ಕಾಲು ಮುರಿಯಲಿಲ್ಲ. ಕೊಕ್ಕರೆ ನೀರಿಗಿಳಿಯಿತು, ಮೀನು ಕಚ್ಚಿಕೊಂಡು ಗೂಡಿಗೆ ಹಾರಿತು.

ಅದಕ್ಕೇ ಮಕ್ಕಳೇ, ನಿಮ್ಮಪ್ಪ ದುಡಿಯುವ ಎರಕದ ಕಾರ್ಖಾನೆಯಲ್ಲಿ ಇಂದಿಗೂ ಟೈಟೇನಿಯಂ ಹೊಯ್ದ ಮೇಲೆ ತಾಮ್ರದ ಪಾತ್ರೆಯೊಳಗೆ ಬಟ್ಟಲಿನಂಥ ಚಿಪ್ಪೊಂದು ಉಳಿದಿರುತ್ತದೆ.

ಕೇಳಿದವರ ಮನೆಯ ಒಲೆ ಆರದಿರಲಿ, ಕೈಗೆ ಕೆಲಸವಿರಲಿ. ಸ್ವಾಮಿ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.