ವಜ್ರ ಬಯಸಿದ ಹನಿ

ವಾರಿಜಾ ಮೇಡಂ ಕರಿಹಲಗೆಯ ಮೇಲೆ ಬರೆದ ವಿದ್ಯುನ್ಮಂಡಲದಲ್ಲಿ ಎರಡು ಆಕರಗಳಿದ್ದವು. ದುಂಡನೆಯದು ತನ್ನಷ್ಟಕ್ಕೆ ತಾನೇ ವಿದ್ಯುತ್ತನ್ನು ಹರಿಸುತ್ತಿತ್ತು. ವಜ್ರದಾಕಾರದ್ದು ಮಾತ್ರ ಮೂಲೆಯ ಪುಟ್ಟ ರೋಧಕದಲ್ಲಿ ಎಷ್ಟು ಹರಿದರೆ ಅದರ ಹತ್ತು ಪಟ್ಟು ಕೊಡಬೇಕಿತ್ತು.

“ಆ ಮೂಲೆಯವನ ಮುಖ ನೋಡಿಕೊಂಡೇ ಇರಬೇಕೆ? ನನ್ನದೇ ಒಂದು ಹನಿ ಕೊಡುವ ಗಳಿಗೆ ಎಂದು ಬಂದೀತು?” ಎಂದು ವಜ್ರ ಹಂಬಲಿಸುತ್ತಿತ್ತು.

ಅಷ್ಟರಲ್ಲಿ ಮೇಡಂ, “ದುಂಡನೆಯದು ಇಲ್ಲದಿದ್ದರೆ ಏನಾಗುತ್ತದೆ ನೋಡೋಣ. ವಜ್ರವನ್ನು ಮಾತ್ರ ಒರೆಸಬಾರದು,” ಎನ್ನುತ್ತಾ ದುಂಡನ್ನು ಒರೆಸಿದರು.

ವಜ್ರ ಹಿರಿಹಿರಿ ಹಿಗ್ಗಿತು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ತಳ್ಳಿತು. ಏನೂ ಹೊರಡಲಿಲ್ಲ.

“ತಮ್ಮಾ, ಒಂದಿಷ್ಟಾದರೂ ಹರಿಸೋ!” ಎಂದು ಮೂಲೆಯತ್ತ ಕೂಗಿತು.

“ತಂತಿಗಳು ಕೂಡುವಲ್ಲಿ ಬಂದಷ್ಟೇ ತಾನೆ ಮುಂದಕ್ಕೆ ಹೋಗುವುದು, ಅಣ್ಣಾ? ಬರುವುದೇ ನಿಂತರೆ ನಾನೆಲ್ಲಿಂದ ತರಲಿ?” ಎಂದಿತು ರೋಧಕ.

ಮೇಡಂ ದುಂಡನ್ನು ಮತ್ತೆ ಬರೆದರು. ಮೂಲೆಯಲ್ಲಿ ಸಣ್ಣಗೆ ಹರಿವು ಶುರುವಾಯಿತು, ವಜ್ರವೂ ಅದರ ಹತ್ತು ಪಟ್ಟು ಕೊಟ್ಟಿತು.

“ನಿನ್ನದೇ ಹನಿಯ ಆಸೆ ಈಗಲಾದರೂ ಹೋಯಿತೆ?” ಎಂದು ದುಂಡು ಕೇಳಿತು.

“ಇಲ್ಲ,” ಎಂದಿತು ವಜ್ರ. “ಅದೊಂದಿದ್ದಿದ್ದರೆ ಆಗ ತಮ್ಮನಿಗೆ ಕೊಡುತ್ತಿದ್ದೆ.”