ಮಾದರಿಯ ಮುಖ

"ಗುರುಗಳೇ, ನಾವು ಬೇಡದ ಕೀರ್ತಿ ತಾನಾಗಿ ಬಂದರೆ ಅದನ್ನು ಅನುಭವಿಸುವುದರಲ್ಲಿ ತಪ್ಪೇನಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಕಸುಬುದಾರನಿದ್ದ. ವೆಬ್‌ಸೈಟುಗಳಿಗೆ ಅಂಟಿಸುವ ಪರಿಚಯದ ಬಿಲ್ಲೆಯೊಂದನ್ನು ತಯಾರಿಸಿದ. ಅವನು ಕೊಡುವ ಒಂದು ಸಾಲು ಕೋಡನ್ನು ನಕಲು ಮಾಡಿ, ತಮ್ಮ ಗುರುತಿನ ಸಂಖ್ಯೆ ಸೇರಿಸಿ ತಮ್ಮ ಪುಟದಲ್ಲಿ ಹಾಕಿಕೊಂಡವರ ಮುಖ, ಹೆಸರು, ಊರು ಅಲ್ಲಿ ಮೂಡುತ್ತಿದ್ದವು. ಹೇಗೆ ಹಾಕಬೇಕೆಂದು ತೋರಿಸಲು ಅವನೊಂದು ಮಾದರಿ ಸಾಲು ಬರೆದಿಟ್ಟ. ಅದರಲ್ಲಿದ್ದದ್ದು ಅವನದೇ ಗುರುತಿನ ಸಂಖ್ಯೆ. ಇದನ್ನು ತೆಗೆದು ನಿಮ್ಮದನ್ನು ಹಾಕಿ ಎಂದು ಕೆಳಗೆ ಸಣ್ಣಕ್ಷರದಲ್ಲಿ ಸೂಚಿಸಿದ್ದ. ಸಣ್ಣಕ್ಷರವನ್ನು ಯಾರು ಓದುತ್ತಾರೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಹಲವರು ಮಾದರಿಯನ್ನೇ ಇದ್ದ ಹಾಗೆ ಅಂಟಿಸಿಕೊಂಡರು. ಹೂ ಮಾರುವವಳ ಪುಟದಲ್ಲಿ ಇವನ ಮುಖ ಮೂಡಿತು. ಜಾತಕ ನೋಡುವವನ ಪುಟದಲ್ಲೂ ಮೂಡಿತು.

ಜೊತೆಗಾರನೊಬ್ಬ ಎಚ್ಚರಿಸಿದ. "ಆ ಸಂಖ್ಯೆ ರದ್ದು ಮಾಡಿಬಿಡು ಮಾರಾಯ. ಯಾರ್ಯಾರದೋ ಅಂಗಡಿಗೆ ನಿನ್ನ ಮುಖ ಯಾಕೆ?"

"ಇರಲಿ ಬಿಡು. ಹಾಕಿಕೊಳ್ಳಿ ಅಂತ ನಾನೇನು ಹೇಳಿದ್ನಾ?" ಎಂದು ಇವನು ನಕ್ಕ.

ಒಳಗೊಳಗೆ ಹಿಗ್ಗು. ಬಿಲ್ಲೆ ಎಲ್ಲೆಲ್ಲಿ ಅಂಟಿದೆ ಎಂಬುದು ಅವನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಬೆಳಗೆದ್ದು ಆ ಪುಟಗಳನ್ನು ಒಂದೊಂದಾಗಿ ತೆರೆಯುತ್ತಿದ್ದ. ಕಾಫಿ ಆಮೇಲೆ.

ಒಂದು ದಿನ, ಬಿಲ್ಲೆಯ ಮೇಲಿನ ಹೆಸರು ಮತ್ತು ಊರು ಹಿಡಿದು ವಿಚಾರಿಸಿಕೊಂಡು ಒಬ್ಬ ಹೆಂಗಸು ಅವನ ಮನೆಗೆ ಬಂದಳು. ಅವಳ ಗಂಡನಿಗೆ ಮೂತ್ರಪಿಂಡದ ಕಾಯಿಲೆ ಇತ್ತು. ಯಾವುದೋ ಪುಟದಲ್ಲಿ ಮಾರುತ್ತಿದ್ದ ಮದ್ದನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆ ಬಿಟ್ಟ. ಸತ್ತುಹೋದ. ಮದ್ದು ಮಾರಿದವನು ತನ್ನ ಗುರುತನ್ನು ಎಲ್ಲೂ ಹಾಕಿರಲಿಲ್ಲ. ಅಲ್ಲಿದ್ದದ್ದು ಈ ಕಸುಬುದಾರನ ಮುಖ.

ಅವಳು ಬೈಯಲಿಲ್ಲ. "ಬ್ಯಾಡ ಅಂತ ನಾನು ಹೇಳಿದ್ದೆ. ಈ ಮುಖ ನೋಡು, ಮೋಸ ಮಾಡೋರ ಮುಖ ಅಲ್ಲ ಇದು ಅಂದ್ರು ನಮ್ಮ ಮನೆಯವರು" ಎಂದಳು.

"ಆ ಮದ್ದು ನನ್ನದಲ್ಲಮ್ಮ. ಮಾರಿದವನು ಯಾರೋ, ನನಗೆ ಗೊತ್ತಿಲ್ಲ."

"ಹಂಗಾದ್ರೆ ಅವರು ನಂಬಿದ್ದು ಯಾರನ್ನ?"

ಅವಳು ಹೋದ ಮೇಲೆ ಅವನು ಕೂತು ಆ ಸಂಖ್ಯೆಯನ್ನು ರದ್ದು ಮಾಡಿದ. ಎಲ್ಲ ಪುಟಗಳಿಂದಲೂ ಅವನ ಮುಖ ಒಂದೇ ಸಲಕ್ಕೆ ಅಳಿಯಿತು. ಅಷ್ಟು ಸುಲಭದ ಕೆಲಸ ಅದು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಆ ಪುಟದಲ್ಲಿ ಅಂಥ ಮದ್ದು ಮಾರುತ್ತಾರೆಂದು ಪಾಪ, ಅವನಿಗೆ ಗೊತ್ತೇ ಇರಲಿಲ್ಲವಲ್ಲ" ಎಂದ.

"ಆ ಪುಟವನ್ನು ಅವನು ದಿನವೂ ತೆರೆಯುತ್ತಿದ್ದ ಮಗು, ನೋಡುತ್ತಿದ್ದದ್ದು ತನ್ನ ಮುಖವನ್ನು ಮಾತ್ರ."