ಅತಿಥಿಯ ಮಾತು ಕೊನೆಗೆ

“ಬುದ್ಧಿ, ಜಗತ್ತನ್ನು ತರಗತಿಯೊಳಕ್ಕೆ ತರುವುದು ಹೇಗೆ?”

ಕೇಳಿದವರು ಮಠದ ಡಿಗ್ರಿ ಕಾಲೇಜಿನ ಪ್ರಾಂಶುಪಾಲರು, ನಂಜುಂಡಾರಾಧ್ಯರು. ಒಂದು ಕಾಲಕ್ಕೆ ಇದೇ ಮಠದ ಅನ್ನ ಉಂಡು, ಇದೇ ಸ್ವಾಮಿಗಳ ಎದುರು ಚಾಪೆಯ ಮೇಲೆ ಕೂತು ಓದಿದವರು. ಪ್ರಶ್ನೆಯೇನೋ ಕೇಳಿದರು, ಆದರೆ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಆ ಸಂಜೆ ಕಾಲೇಜಿನಲ್ಲಿ ವಿಶ್ವದೃಷ್ಟಿ ಕೇಂದ್ರದ ಉದ್ಘಾಟನೆ. ತಮ್ಮ ಬಿ.ಎ., ಬಿ.ಕಾಂ. ಮಕ್ಕಳು ಊರ ಬಸ್‌ಸ್ಟ್ಯಾಂಡಿನಾಚೆಗೂ ಲೋಕ ಇದೆಯೆಂದು ಅರಿತೇ ಪದವಿ ಪಡೆಯಬೇಕೆಂಬುದು ಅವರ ಹಂಬಲ. ಗೋಡೆ ತುಂಬ ಭೂಪಟ ಬರೆಸಿದ್ದರು. ಬೇರೆ ಬೇರೆ ದೇಶಗಳ ಹೊತ್ತು ತೋರಿಸುವ ಗಡಿಯಾರಗಳನ್ನು ಸಾಲಾಗಿ ತೂಗುಹಾಕಿಸಿದ್ದರು. ಇನ್ನು ಮುಖ್ಯ ಅತಿಥಿಯನ್ನಂತೂ ಕಾರಿನಲ್ಲಿ ಕೂರಿಸಿಕೊಂಡೇ ಆಶೀರ್ವಾದಕ್ಕೆ ಕರೆತಂದಿದ್ದರು. ಅವಳು ನೀಮಾ. ಟಾಂಜಾನಿಯಾದಿಂದ ಬಂದು ಅವರ ಕಾಲೇಜಿನಲ್ಲೇ ಮೊದಲ ವರ್ಷದ ಬಿ.ಎ. ಓದುತ್ತಿದ್ದ ಹುಡುಗಿ.

ಒಳಗೆ ಬರುವಾಗ ಹೊಸ್ತಿಲ ಬಳಿ ಅವಳು, “ಸರ್, ಒಂದು ಮಾತು,” ಎಂದಿದ್ದಳು.

“ಈಗಲ್ಲಮ್ಮ. ಸಂಜೆ ವೇದಿಕೆ ಮೇಲೆ ಮಾತಾಡುವೆಯಂತೆ,” ಎಂದು ಆರಾಧ್ಯರು ಅವಳನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಬಂದಿದ್ದರು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕೂತಿದ್ದಳು. ಸ್ವಾಮಿಗಳ ಗದ್ದುಗೆಯಿಂದ ಜಗಲಿ ನೇರವಾಗಿ ಕಾಣುತ್ತದೆ.

ಸ್ವಾಮಿಗಳು ವಿಭೂತಿ ಸರಿಮಾಡಿಕೊಂಡು ನಕ್ಕರು. “ಒಳ್ಳೆ ಕಡೆಗೇ ಬಂದಿರಿ ಮೇಷ್ಟ್ರೇ. ಇದಕ್ಕೆ ತಕ್ಕ ಕತೆ ಮೂರು ಲೋಕದಲ್ಲಿ ನಮ್ಮೊಬ್ಬರ ಹತ್ತಿರ ಇದೆ. ಬೇರೆಯವರ ಹತ್ತಿರ ಇದ್ದರೆ ಅದು ನಮ್ಮಿಂದ ಕದ್ದದ್ದು.”

“ಅಪ್ಪಣೆಯಾಗಲಿ ಬುದ್ಧಿ,” ಎಂದರು ಆರಾಧ್ಯರು. ಸಂಜೆಯ ಭಾಷಣಕ್ಕೆ ಒಂದು ಕತೆ ಸಿಕ್ಕಿತೆಂದು ಅವರಿಗೆ ಒಳಗೊಳಗೇ ಖುಷಿ.

ಸ್ವಾಮಿಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದ. ತನ್ನ ಶಿಷ್ಯರಿಗೆ ಲೋಕವನ್ನೆಲ್ಲ ಕಲಿಸಬೇಕೆಂದು ಅವನ ಆಸೆ. ಪಾಠಶಾಲೆಯ ಹಿತ್ತಲಲ್ಲಿ ಮಣ್ಣಿನ ಭೂಗೋಳ ಕಟ್ಟಿಸಿದ. ಅದೆಷ್ಟು ದೊಡ್ಡದೆಂದರೆ, ಅದರ ಒಂದು ಮಗ್ಗುಲಿಗೆ ಮಳೆ ಹೊಡೆಯುವಾಗ ಇನ್ನೊಂದು ಮಗ್ಗುಲಿನಲ್ಲಿ ಮೇಷ್ಟ್ರ ಹೆಂಡತಿ ಸಂಡಿಗೆ ಒಣಗಿಸುತ್ತಿದ್ದಳು. ಶಿಷ್ಯರೂ ಸಾಮಾನ್ಯರಲ್ಲ. ಕಡಲಾಚೆಯ ನದಿ, ಬೆಟ್ಟ, ಬೆಳೆ, ಭಾಷೆ ಎಲ್ಲವೂ ನಾಲಗೆಯ ತುದಿಯಲ್ಲಿ. ಒಬ್ಬನಂತೂ ನಿದ್ದೆಯಲ್ಲಿ ಗೊರಕೆಯನ್ನೂ ಏಳು ಭಾಷೆಯಲ್ಲಿ ಹೊಡೆಯುತ್ತಿದ್ದ. ನೀವು ನಂಬಬೇಡಿ ಮೇಷ್ಟ್ರೇ, ನಾವೇ ಪೂರ್ತಿ ನಂಬಿಲ್ಲ.

ಎಲ್ಲ ಇತ್ತು. ಕಡಲಾಚೆಯ ಮನುಷ್ಯನನ್ನು ಮಾತ್ರ ಅವರು ಕಂಡಿರಲಿಲ್ಲ.

ಒಂದು ದಿನ ಬಿಸಿಲು ಏರುವ ಹೊತ್ತಿಗೆ ಒಬ್ಬ ಪರದೇಶಿ ಊರೊಳಕ್ಕೆ ಓಡಿಬಂದ. ಶಿಷ್ಯರು ಅವನ ಉಡುಪು ನೋಡಿಯೇ ದೇಶ ಗುರುತಿಸಿದರು. “ಓಡುತ್ತಿದ್ದಾನಲ್ಲ ಗುರುಗಳೇ?” ಎಂದು ಒಬ್ಬ ಕೇಳಿದ. “ಆ ದೇಶದವರು ನಡೆಯುವುದೇ ಹಾಗೆ,” ಎಂದ ಮೇಷ್ಟ್ರು. “ಬೆವರುತ್ತಿದ್ದಾನಲ್ಲ?” “ಚಳಿ ನಾಡಿನವನಿಗೆ ನಮ್ಮ ಬಿಸಿಲು ತಡೆಯುತ್ತದೆಯೇ?”

ಪರದೇಶಿ ಬಾಯಿ ತೆರೆದ. ಅಷ್ಟರಲ್ಲಿ ಕೊರಳಿಗೆ ಹಾರ ಬಿತ್ತು.

ಅವನನ್ನು ಪಾಠಶಾಲೆಗೆ ಕರೆದೊಯ್ದು ಎತ್ತರದ ಆಸನದಲ್ಲಿ ಕೂರಿಸಿದರು. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಪರದೇಶಿ ಎದ್ದು ನಿಂತ. ಮೇಷ್ಟ್ರು ಅವನ ಭುಜ ಹಿಡಿದು ಮೆಲ್ಲಗೆ ಕೂರಿಸಿದ.

“ಅವಸರ ಬೇಡಿ. ನಮ್ಮಲ್ಲಿ ಮುಖ್ಯ ಅತಿಥಿಯ ಮಾತು ಕೊನೆಗೆ.”

ಒಬ್ಬ ಶಿಷ್ಯ ಪರದೇಶಿಯ ನಾಡಿನ ನದಿಗಳ ಬಗ್ಗೆ ಮಾತಾಡಿದ. ಒಬ್ಬ ಬೆಟ್ಟಗಳ ಬಗ್ಗೆ ಮಾತಾಡಿದ. ಇನ್ನೊಬ್ಬ ಅವನ ಜನ ಹೆಂಡತಿ ಮಕ್ಕಳನ್ನು ಎಷ್ಟು ಪ್ರೀತಿಸುತ್ತಾರೆಂದು ಸೊಗಸಾಗಿ ವಿವರಿಸಿದ. ಪರದೇಶಿ ಮತ್ತೆ ಎದ್ದ, ಮತ್ತೆ ಕೂರಿಸಿದರು. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಅವನ ಕಣ್ಣಲ್ಲಿ ನೀರು ಇಳಿಯಿತು. “ನೋಡಿದಿರಾ, ನಮ್ಮ ಸನ್ಮಾನಕ್ಕೆ ಹೃದಯ ತುಂಬಿ ಬಂದಿದೆ,” ಎಂದ ಮೇಷ್ಟ್ರು. ಅವನ ಕಣ್ಣೂ ಒದ್ದೆಯಾಗಿತ್ತು.

ಇಲ್ಲಿಯವರೆಗೂ ಆರಾಧ್ಯರು ಹೊಟ್ಟೆ ಹಿಡಿದು ನಗುತ್ತಿದ್ದರು. ಪೇಟ ಎಂದ ಕೂಡಲೇ ನಗು ಅರ್ಧಕ್ಕೆ ನಿಂತಿತು. ಸಂಜೆಗೆಂದು ಒಂದು ಪೇಟ, ಒಂದು ಶಾಲು ಅವರ ಕಾರಿನ ಹಿಂದಿನ ಸೀಟಿನಲ್ಲಿದ್ದವು. ನಗು ನಿಂತದ್ದನ್ನು ಸ್ವಾಮಿಗಳು ಗಮನಿಸಿದಂತೆ ತೋರಲಿಲ್ಲ.

ಹೊತ್ತು ಇಳಿಯಿತು. ಕೊನೆಗೆ ಮೇಷ್ಟ್ರು ಕೈಮುಗಿದು, “ಈಗ ಅತಿಥಿಗಳು ಎರಡು ಮಾತಾಡಬೇಕು,” ಎಂದ.

ಪರದೇಶಿ ಎದ್ದ. ಅವನು ಎರಡೇ ಮಾತಾಡಿದ. “ಊರಾಚೆ ಹುಣಸೆ ಮರದ ಕೆಳಗೆ ನನ್ನ ಹೆಂಡತಿ ಹೆರಿಗೆ ನೋವಿನಲ್ಲಿ ಮಲಗಿದ್ದಾಳೆ. ಸೂಲಗಿತ್ತಿಯ ಮನೆ ಎಲ್ಲಿ?”

ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಮೊದಲು ಬಂತು, ಅರ್ಥ ಆಮೇಲೆ ಬಂತು. ತಟ್ಟಿದ ಕೈಗಳನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಎಲ್ಲರೂ ಓಡಿದರು. ಮೇಷ್ಟ್ರು ಎಲ್ಲರಿಗಿಂತ ಮುಂದೆ ಓಡಿದ. ಗಾಬರಿಯಲ್ಲಿ ಹಣ್ಣಿನ ಬುಟ್ಟಿಯನ್ನೂ ಎತ್ತಿಕೊಂಡೇ ಓಡಿದ್ದ.

ಹುಣಸೆ ಮರದ ಕೆಳಗೆ ಹೆರಿಗೆ ಆಗಿಹೋಗಿತ್ತು. ತಾಯಿ ಒಬ್ಬಳೇ ಇದ್ದಳು. ಮಗು ತರಗೆಲೆಯ ಮೇಲಿತ್ತು. ಉಸಿರಾಡುತ್ತಿತ್ತು. ಪರದೇಶಿ ಹೆಗಲ ಶಾಲನ್ನು ಕಿತ್ತು ಮಗುವಿಗೆ ಸುತ್ತಿದ. ತಾಯಿ ಕಣ್ಣು ತೆರೆದು ತನ್ನ ಭಾಷೆಯಲ್ಲಿ ಗಂಡನನ್ನು ಕೇಳಿದಳು.

“ಈ ಊರಲ್ಲಿ ಮನುಷ್ಯರು ಯಾರೂ ಸಿಗಲಿಲ್ಲವೇ?”

“ಸಿಕ್ಕರು,” ಎಂದ ಗಂಡ. “ತುಂಬ ಜನ ಸಿಕ್ಕರು.”

ಆ ಭಾಷೆ ಮೇಷ್ಟ್ರಿಗೆ ಚೆನ್ನಾಗಿ ಬರುತ್ತಿತ್ತು. ಒಂದಕ್ಷರವೂ ಬಿಡದೆ ಅರ್ಥವಾಯಿತು. ಕಲಿಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆವತ್ತು ಮೊದಲ ಸಲ ಅನ್ನಿಸಿತು. ಹಣ್ಣಿನ ಬುಟ್ಟಿ ಹಿಡಿದುಕೊಂಡು ಹಾಗೇ ನಿಂತ. ಕೊಡಲು ಮುಖವಿರಲಿಲ್ಲ, ಕೆಳಗಿಡಲು ತೋಚಲಿಲ್ಲ. ಅವನ ಹಿಂದೆ ನಿಂತ ಶಿಷ್ಯರೂ ತಲೆ ತಗ್ಗಿಸಿದ್ದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಇಷ್ಟು ಹೊತ್ತು ಮುಖದ ಮೇಲಿದ್ದ ತಮಾಷೆ ಈಗ ಇರಲಿಲ್ಲ.

ಆರಾಧ್ಯರ ಕಿವಿ ಬಿಸಿಯಾಗಿತ್ತು. ಈ ಕತೆ ಸಂಜೆಯ ಭಾಷಣಕ್ಕೆ ಆಗುವಂಥದ್ದಲ್ಲ ಎಂದು ಅವರಿಗೆ ತಿಳಿದುಹೋಗಿತ್ತು. ಜಗಲಿಯ ಕಡೆ ನೋಡಬೇಕೆನ್ನಿಸಿತು, ನೋಡಲಾಗಲಿಲ್ಲ. ಬೆಳಗ್ಗೆ ಹಾಸ್ಟೆಲಿನ ಬಾಗಿಲಲ್ಲೂ ನೀಮಾ, “ಸರ್, ಒಂದು ಮಾತು,” ಎಂದಿದ್ದಳು. ಕಾರಿನಲ್ಲೂ ಒಮ್ಮೆ ಅಂದಿದ್ದಳು. ಆಗ ಅವರು ಅವಳ ದೇಶದ ದೊಡ್ಡ ಬೆಟ್ಟದ ಎತ್ತರ ಎಷ್ಟೆಂದು ಅವಳಿಗೇ ವಿವರಿಸುತ್ತಿದ್ದರು.

ಮಾತು ಬೇರೆ ಕಡೆ ಹೊರಳಲಿ ಎಂಬಂತೆ ಅವರು ತಗ್ಗಿದ ದನಿಯಲ್ಲಿ ಕೇಳಿದರು. “ಆಮೇಲೆ ಆ ಮೇಷ್ಟ್ರು ಏನು ಮಾಡಿದ, ಬುದ್ಧಿ?”

“ಅವನ ಕತೆ ಮುಗಿಯಿತು,” ಎಂದರು ಸ್ವಾಮಿಗಳು. ಅವರ ಕಣ್ಣು ಜಗಲಿಯ ಮೇಲಿತ್ತು. “ಆಗ ಹೊಸ್ತಿಲಲ್ಲಿ ಆ ಮಗು ನಿಮಗೇನೋ ಹೇಳಲು ಬಂದಿತ್ತಲ್ಲ ಮೇಷ್ಟ್ರೇ, ಏನದು?”